ಪೇಸ್‌ಮೇಕರ್ ಇದೆ: ಸಮತಟ್ಟಿನಲ್ಲಿ ಸಲೀಸು, ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ

ಬೆಟ್ಟದಡಿ:
ವಯಸ್ಸು 54, ಊರು ಮೈಸೂರು. ಹೃದಯದ ಬಡಿತವನ್ನು ಹುಟ್ಟಿಸುವ ಸೈನಸ್ ನೋಡ್ ದುರ್ಬಲವಾಗಿದೆಯೆಂದು ಕಳೆದ ವರ್ಷ ಎರಡು ತಂತಿಗಳ ಪೇಸ್‌ಮೇಕರ್ ಅಳವಡಿಸಿದ್ದಾರೆ. ತಲೆಸುತ್ತು ನಿಂತಿದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಿರುಸಾಗಿಯೇ ನಡೆಯುತ್ತೇನೆ. ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋದರೆ ನಂದಿ ಸಿಗುವ ಎಷ್ಟೋ ಮೊದಲೇ ತೊಡೆ ಕಲ್ಲಿನಂತೆ ಭಾರವಾಗಿ, ಏದುಸಿರು ಬಂದು ಕುಳಿತುಬಿಡುತ್ತೇನೆ. ವಿಚಿತ್ರವೆಂದರೆ, ಹತ್ತುವಾಗ ನಾಡಿ 80 ದಾಟುವುದಿಲ್ಲ, ಆರಾಮವಾಗಿ ಇಳಿಯುವಾಗ 100 ಮೀರುತ್ತದೆ. ಸೈಕಲ್ ತುಳಿದರೂ ಇದೇ ಪಾಡು. ತಪಾಸಣೆಯಲ್ಲಿ ‘ಬ್ಯಾಟರಿ, ತಂತಿ ಎಲ್ಲ ಸರಿಯಿವೆ, ವಯಸ್ಸಾಯಿತಲ್ಲ’ ಎಂದರು. ಇದು ಯಂತ್ರದ ದೋಷವೋ, ನನ್ನದೋ?

ಗೆರೆಗಾರ:
ಇಬ್ಬರದೂ ಅಲ್ಲ, ಹೊಂದಾಣಿಕೆಯದು ಎನಿಸುತ್ತದೆ. ನಾನು ಇಸಿಜಿ ವಿಭಾಗದಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದವನು, ವೈದ್ಯನಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಭಾಗವಿದೆ: ಹತ್ತುವಾಗ ಕಡಿಮೆ, ಇಳಿಯುವಾಗ ಹೆಚ್ಚು.

ನಿಮ್ಮ ಸೈನಸ್ ನೋಡ್ ಶ್ರಮಕ್ಕೆ ತಕ್ಕಂತೆ ಬಡಿತ ಏರಿಸದಿದ್ದರೆ ಆ ಕೆಲಸವನ್ನು ಯಂತ್ರದ ಸೆನ್ಸರ್ ಮಾಡಬೇಕು. ಬಹುಪಾಲು ಯಂತ್ರಗಳಲ್ಲಿರುವುದು ಅಲುಗಾಟವನ್ನು ಅಳೆಯುವ ಆಕ್ಸೆಲೆರೋಮೀಟರ್. ಅದಕ್ಕೆ ನಿಮ್ಮ ದಣಿವು ಗೊತ್ತಿಲ್ಲ, ಎದೆ ಎಷ್ಟು ಕುಲುಕಿತು ಎಂಬುದಷ್ಟೇ ಗೊತ್ತು. ಹತ್ತುವಾಗ ಹೆಜ್ಜೆ ನಿಧಾನ, ಮೈ ಹೆಚ್ಚು ಕುಲುಕುವುದಿಲ್ಲ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಧಡಕ್ ಎನ್ನುತ್ತದೆ. ಸೈಕಲ್ ಮೇಲಂತೂ ಕಾಲು ತಿರುಗುತ್ತದೆ, ಎದೆ ನಿಶ್ಚಲ.

ಕಳೆದ ತಪಾಸಣೆಯ ಮುದ್ರಿತ ಹಾಳೆ ಇದ್ದರೆ ನೋಡಿ, ಯಂತ್ರದ ಕಾರ್ಯವಿಧಾನವನ್ನು (ಮೋಡ್) ಸೂಚಿಸುವ ಅಕ್ಷರಗಳಿರುತ್ತವೆ: ಡಿಡಿಡಿ ಎಂದಿದೆಯೋ, ಡಿಡಿಡಿಆರ್ ಎಂದಿದೆಯೋ? ಕೊನೆಯ ‘ಆರ್’ ಇದ್ದರೆ ಸೆನ್ಸರ್ ಚಾಲೂ ಇದೆ ಎಂದರ್ಥ. ಹಾಗೆಯೇ ಬಡಿತದ ಹಿಸ್ಟೋಗ್ರಾಂ ಕೇಳಿ, ಅಂದರೆ ಯಾವ ವೇಗದಲ್ಲಿ ಎಷ್ಟು ಬಡಿತಗಳಾದವು ಎಂದು ತೋರಿಸುವ ಕಂಬಗಳ ಚಿತ್ರ. ಕಂಬಗಳೆಲ್ಲ 60ರಿಂದ 80ರೊಳಗೇ ಗುಂಪುಗೂಡಿದ್ದರೆ ‘ವಯಸ್ಸಾಯಿತಲ್ಲ’ ಎಂದವರಿಗೆ ಅದನ್ನೇ ತೋರಿಸಿ. ಇನ್ನೊಂದು ಮಾತು: ನಾಡಿಯನ್ನು ಕೈಗಡಿಯಾರದಲ್ಲಿ ನೋಡಿದಿರೋ, ಬೆರಳಿಟ್ಟು ಎಣಿಸಿದಿರೋ? ಬೆವರಿದ ಮಣಿಕಟ್ಟಿನ ಮೇಲೆ ಗಡಿಯಾರ ಏನೇನೋ ತೋರಿಸುತ್ತದೆ.

ಪೆಡಲ್_ಪ್ರಿಯೆ:
ಓದುವ ಬೇರೆಯವರಿಗೊಂದು ಎಚ್ಚರಿಕೆ, ಏಕೆಂದರೆ ನನ್ನ ಕಥೆ ತಿರುಗುಮುರುಗು. ನನ್ನದು ಸಂಪೂರ್ಣ ಹಾರ್ಟ್ ಬ್ಲಾಕ್, ಅಂದರೆ ಹೃದಯದ ಮೇಲ್ಕೋಣೆಯ ವಿದ್ಯುತ್ ಸಂದೇಶ ಕೆಳಕೋಣೆಗೆ ತಲುಪುವುದೇ ಇಲ್ಲ. ಸೈನಸ್ ನೋಡ್ ಗಟ್ಟಿಯಾಗಿದೆ, ಅದರ ಸಂದೇಶವನ್ನು ಕೆಳಕೋಣೆಗೆ ದಾಟಿಸುವುದಷ್ಟೇ ಯಂತ್ರದ ಕೆಲಸ. ಏರು ರಸ್ತೆಯಲ್ಲಿ ನಾಡಿ ಚೆನ್ನಾಗಿ 120ರವರೆಗೆ ಏರಿ, ಥಟ್ಟನೆ ಅರ್ಧಕ್ಕೆ ಕುಸಿಯುತ್ತಿತ್ತು. ಕಣ್ಣು ಮಂಜಾಗಿ ಸೈಕಲ್‌ನಿಂದ ಇಳಿಯಲೇಬೇಕಾಗುತ್ತಿತ್ತು.

ಗೆರೆಗಾರ:
ಅದು ಟೂ-ಟು-ಒನ್ ಬ್ಲಾಕ್, ಅಮ್ಮ. ಪ್ರತಿ ಬಡಿತದ ನಂತರ ಯಂತ್ರ ಸ್ವಲ್ಪ ಹೊತ್ತು ಮೇಲ್ಕೋಣೆಗೆ ಕಿವುಡಾಗಿರುತ್ತದೆ. ಎವಿ ಅಂತರ (ಮೇಲ್ಕೋಣೆಯ ಬಡಿತದಿಂದ ಕೆಳಕೋಣೆಯ ಬಡಿತದವರೆಗಿನ ಹೊತ್ತು) 200 ಮಿಲಿಸೆಕೆಂಡ್, ಅದರ ನಂತರದ ಕಿವುಡು ಅವಧಿ 300 ಎಂದಿಟ್ಟುಕೊಳ್ಳಿ, ಒಟ್ಟು 500. ನಿಮಿಷದ 60,000 ಮಿಲಿಸೆಕೆಂಡನ್ನು 500ರಿಂದ ಭಾಗಿಸಿದರೆ 120. ಮೇಲ್ಕೋಣೆ ಅದನ್ನು ದಾಟಿತೋ, ಎರಡರಲ್ಲೊಂದು ಸಂದೇಶ ಬಿದ್ದುಹೋಗಿ ಕೆಳಕೋಣೆ 60ಕ್ಕೆ ಇಳಿಯುತ್ತದೆ. ಶ್ರಮಪಡುವಾಗ ಈ ಎರಡೂ ಅವಧಿಗಳು ತಾವಾಗಿ ಕುಗ್ಗುವಂತೆ ಹೊಂದಿಸಬಹುದು, ಬಡಿತದ ಗರಿಷ್ಠ ಮಿತಿಯನ್ನೂ ಏರಿಸಬಹುದು.

ಪೆಡಲ್_ಪ್ರಿಯೆ:
ನನಗೆ ಮಾಡಿದ್ದೂ ಅದನ್ನೇ. ಈಗ 150ರವರೆಗೆ ತಡೆಯಿಲ್ಲ.

ಬೆಟ್ಟದಡಿ:
ಬೆರಳಿಟ್ಟೇ ಎಣಿಸಿದ್ದು, ಗೆರೆಗಾರರೇ. ಹಾಳೆಯಲ್ಲಿ ಡಿಡಿಡಿಆರ್ ಎಂದೇ ಇತ್ತು. ಹಿಸ್ಟೋಗ್ರಾಂನಲ್ಲಿ 90ರ ಆಚೆ ಬಹುತೇಕ ಬಯಲು! ಈ ಸಲ ಬೇರೆ ವೈದ್ಯರಿದ್ದರು. ಆಸ್ಪತ್ರೆಯ ಮೆಟ್ಟಿಲನ್ನು ಮೂರನೆಯ ಮಹಡಿಯವರೆಗೆ ಹತ್ತಿಸಿ, ಮೇಲೆ ಬಂದ ಕೂಡಲೇ ಬಡಿತ ನೋಡಿದರು. 78. ‘ಸೆನ್ಸರ್ ತೀರಾ ಮಂದವಾಗಿದೆ’ ಎಂದು ಸಣ್ಣ ಅಲುಗಾಟಕ್ಕೂ, ಬೇಗನೆ ಸ್ಪಂದಿಸುವಂತೆ ಬದಲಿಸಿದರು. ಮತ್ತೆ ಹತ್ತಿಸಿದರು: 104. ಮಾತನಾಡುತ್ತಲೇ ಹತ್ತಿದೆ. ಸೈಕಲ್ ಮಾತ್ರ ಇನ್ನೂ ಕಷ್ಟ.

ಗೆರೆಗಾರ:
ಸೈಕಲ್‌ಗೆ ಈ ಸೆನ್ಸರ್ ಅಷ್ಟಕ್ಕಷ್ಟೇ. ಉಸಿರಾಟದ ಏರಿಳಿತವನ್ನೂ ಅಳೆಯುವ ಯಂತ್ರಗಳಿವೆ. ಆದರೆ ಆ ಸೌಲಭ್ಯ ಯಂತ್ರದಲ್ಲೇ ಇರಬೇಕು, ಆಮೇಲೆ ಸೇರಿಸಲಾಗದು. ನಿಮ್ಮದರಲ್ಲಿ ಇದೆಯೇ ಎಂದು ಮಾದರಿಯ ಹೆಸರು ಹೇಳಿ ಕೇಳಿ. ಬ್ಯಾಟರಿ ಮುಗಿದು ಯಂತ್ರ ಬದಲಿಸುವಾಗಲಾದರೂ ‘ನಾನು ಸೈಕಲ್ ತುಳಿಯುತ್ತೇನೆ’ ಎಂದು ಮೊದಲೇ ಹೇಳಿಬಿಡಿ. ಯಾರೂ ತಾವಾಗಿ ಕೇಳುವುದಿಲ್ಲ. ಅಲ್ಲಿಯವರೆಗೆ ಸೈಕಲ್ ಹತ್ತುವ ಮುನ್ನ ಸ್ವಲ್ಪ ಹೊತ್ತು ಬಿರುಸಾಗಿ ನಡೆಯಿರಿ, ಏರಿನಲ್ಲಿ ಆಗಾಗ ಸೀಟಿನಿಂದೆದ್ದು ತುಳಿಯಿರಿ. ಮೈ ಅಲುಗಿದಷ್ಟು ಸೆನ್ಸರ್‌ಗೆ ಸುದ್ದಿ ಮುಟ್ಟುತ್ತದೆ.

ರಾತ್ರಿ ಹಾಸಿಗೆಯಲ್ಲಿ ಹೊರಳಿದರೂ, ಗುಂಡಿಬಿದ್ದ ರಸ್ತೆಯಲ್ಲಿ ಬಸ್ಸಿನಲ್ಲಿ ಕುಳಿತರೂ ಎದೆ ಡವಗುಟ್ಟಿದರೆ ಸೆನ್ಸರ್ ಈಗ ಅತಿ ಚುರುಕಾಗಿದೆ ಎಂದರ್ಥ. ಮತ್ತೆ ಹೋಗಿ ತಗ್ಗಿಸಿಕೊಳ್ಳಿ. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದಂತಾದರೆ ಇಲ್ಲಿ ಬರೆಯುತ್ತ ಕೂರಬೇಡಿ, ನೇರ ಆಸ್ಪತ್ರೆಗೆ.

ಬೆಟ್ಟದಡಿ:
ನಿನ್ನೆ ಬಸ್ಸಿನಲ್ಲಿ ಸ್ವಲ್ಪ ಹಾಗಾಯಿತು, 95ರಷ್ಟಿತ್ತು. ಮುಂದಿನ ತಿಂಗಳ ತಪಾಸಣೆಗೆ ಬರೆದಿಟ್ಟುಕೊಂಡಿದ್ದೇನೆ.