ಫ್ರಿಜ್ಜಿನ ಮೇಲೆ ನಮ್ಮ ಹುಲಿ ನಿಲ್ಲುತ್ತಿಲ್ಲ, ಏನು ಮಾಡಲಿ?

ಸಂತೆಕಟ್ಟೆ ಚಿಕ್ಕಮ್ಮ:
ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಸಂತೆಕಟ್ಟೆಯವಳು. ಅಕ್ಕನ ಮಕ್ಕಳಿಬ್ಬರು ಪ್ರತಿ ಅಷ್ಟಮಿಗೆ ಬೆಂಗಳೂರಿನಿಂದ ಬರುತ್ತಾರೆ. ದೊಡ್ಡವಳಿಗೆ ಒಂಬತ್ತು, ಸಣ್ಣವನಿಗೆ ಮೂರು. ಅಷ್ಟಮಿಯ ಮರುದಿನ, ವಿಟ್ಲಪಿಂಡಿ ಹಬ್ಬಕ್ಕೆ, ರಥಬೀದಿಯಲ್ಲಿ ಹುಲಿವೇಷ ನೋಡಿ ಬಂದರೆ ಮತ್ತೆ ಎರಡು ದಿನ ಮನೆಯಲ್ಲಿ ಹುಲಿಯದ್ದೇ ಮಾತು. ಈ ಸಲ ಅವರ ಕೈಯಲ್ಲೇ ಹುಲಿ, ಬಂಗುಡೆ, ಗೋಳಿಬಜೆ ಮ್ಯಾಗ್ನೆಟ್ ಮಾಡಿಸಿ ಕಳಿಸಬೇಕು ಅಂತ ನನಗೆ ತುಂಬಾ ಆಸೆ. ಬೆಂಗಳೂರಿನ ಫ್ರಿಜ್ಜು ತೆರೆಯುವಾಗಲೆಲ್ಲ ಊರು ಕಾಣಬೇಕು, ಅಲ್ವಾ?

ಜೂನ್‌ನಲ್ಲಿ ನಾನೊಬ್ಬಳೇ ಮಾಡಿ ನೋಡಿದೆ. ಮೈದಾ, ಉಪ್ಪು, ನೀರು ಕಲಸಿ ಗೋಳಿಬಜೆ ಮಾಡಿದೆ. ಹತ್ತು ದಿನದಲ್ಲಿ ಬೆವರಿ ಮೆತ್ತಗಾಯಿತು, ಹಿಂದೆ ಬೂಷ್ಟು ಬಂತು. ಹುಲಿಯ ಮುಖ ಗಟ್ಟಿ ಉಂಟು, ಆದರೆ ಹಿಂದಿನ ಪಟ್ಟಿ ಮ್ಯಾಗ್ನೆಟ್ ಭಾರ ತಡೆಯುತ್ತಿಲ್ಲ. ರಾತ್ರಿ ಮೇಲೆ ಇಟ್ಟರೆ ಬೆಳಿಗ್ಗೆ ನೆಲದ ಹತ್ತಿರ ಇರುತ್ತದೆ. ಒಂದು ಕಿವಿ ಆಗಲೇ ಹೋಯಿತು. ಗಟ್ಟಿ ಮ್ಯಾಗ್ನೆಟ್ ತರಲಾ? ನಮ್ಮ ಮಳೆಗೆ ತಡೆಯುವ ಹಿಟ್ಟು ಯಾವುದು?

ಜೆಪ್ಪು ಕೈಕೆಲಸ:
ಅಕ್ಕ, ಉಪ್ಪಿನ ಹಿಟ್ಟು ನಮ್ಮ ಕಡೆಗೆ ಆಗುವುದೇ ಇಲ್ಲ. ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೋಡಿದರೆ ಗೊತ್ತಾಗುತ್ತದಲ್ಲ. ಬದಲಿಗೆ ಒಂದು ಲೋಟ ಕಾರ್ನ್‌ಫ್ಲೋರ್‌ಗೆ ಒಂದು ಲೋಟ ಬಿಳಿ ಫೆವಿಕಾಲ್, ಎರಡು ಚಮಚ ವಿನೆಗರ್, ಒಂದು ಚಮಚ ಬೇಬಿ ಆಯಿಲ್ ಹಾಕಿ ಸಣ್ಣ ಉರಿಯಲ್ಲಿ ಮಗುಚಿ. ತಳ ಬಿಟ್ಟು ಉಂಡೆಯಾದಾಗ ಇಳಿಸಿ, ಬಿಸಿ ಆರಿದ ಮೇಲೆ ನಾದಿ. ವಿನೆಗರ್ ಇದ್ದರೆ ಬೂಷ್ಟು ಬೇಗ ಬರುವುದಿಲ್ಲ. ಹಳೆಯ ಪಾತ್ರೆ ಬಳಸಿ, ಮತ್ತೆ ಅದರಲ್ಲಿ ಅಡುಗೆ ಬೇಡ. ಒಣಗುವಾಗ ಇದು ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಹುಲಿಯನ್ನು ಒಂದಿಷ್ಟು ದೊಡ್ಡದೇ ಮಾಡಿ. ಫ್ಯಾನ್ ಕೆಳಗೆ ಮೂರು ನಾಲ್ಕು ದಿನ ಇಡಿ, ದಿನಾ ಮಗುಚಿ ಹಾಕಿ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ವಾರ್ನಿಶ್ ಎರಡೂ ಬದಿಗೆ ಹಚ್ಚಬೇಕು. ಎಲ್ಲರೂ ಮುಂದೆ ಮಾತ್ರ ಹಚ್ಚುತ್ತಾರೆ. ಹಿಂದಿನಿಂದ ತೇವ ಹತ್ತುತ್ತದೆ.

ಇನ್ನು ಜಾರುವ ವಿಷಯ. ಪಟ್ಟಿ ಮ್ಯಾಗ್ನೆಟ್ ಕಾಗದ ಹಿಡಿಯಲಿಕ್ಕೆ ಸಾಕು, ದಪ್ಪ ಗೊಂಬೆಗೆ ಸಾಲದು. ಬಟನ್ ತರಹದ ಕಪ್ಪು ಫೆರೈಟ್ ಮ್ಯಾಗ್ನೆಟ್ ತನ್ನಿ. ಅದು ಕಡಲ ಗಾಳಿಗೂ ತುಕ್ಕು ಹಿಡಿಯುವುದಿಲ್ಲ. ಅದನ್ನು ನಡುವೆ ಅಂಟಿಸಬೇಡಿ, ಮೇಲಿನ ಅಂಚಿನ ಹತ್ತಿರ ಅಂಟಿಸಿ. ದಪ್ಪ ಗೊಂಬೆ ತಲೆಯ ಕಡೆಯಿಂದಲೇ ಕಳಚಿ ಬೀಳುವುದು. ಕೆಳಗೆ ಸೈಕಲ್ ಟ್ಯೂಬಿನ ತೆಳು ತುಂಡು ಹಾಕಿ, ಮ್ಯಾಗ್ನೆಟ್ಟಿಗಿಂತ ದಪ್ಪ ಆಗದಂತೆ ನೋಡಿಕೊಳ್ಳಿ. ರಬ್ಬರ್ ಜಾರಲಿಕ್ಕೆ ಬಿಡುವುದಿಲ್ಲ. ಗೊಂಬೆ, ಮ್ಯಾಗ್ನೆಟ್ ಎರಡನ್ನೂ ಅಂಟಿಸುವ ಕಡೆ ಮರಳು ಕಾಗದದಿಂದ ಉಜ್ಜಿ, ಅರಾಲ್ಡೈಟ್ ಅಂಟು ಹಾಕಿ ಒಂದು ರಾತ್ರಿ ಬಿಡಿ.

ಪುಟ್ಟ ಬೆಳ್ಳಿ ಬಿಲ್ಲೆಯಂತಹ, ತುಂಬಾ ಗಟ್ಟಿ ಹಿಡಿಯುವ ನಿಯೋಡಿಮಿಯಂ ಮ್ಯಾಗ್ನೆಟ್ ಮಾತ್ರ ಬೇಡ ಅಕ್ಕ. ಮೂರು ವರ್ಷದ ಮಗು ಉಂಟು ಅಂದಿರಲ್ಲ. ಎರಡು ನುಂಗಿದರೆ ಕರುಳಿನ ಗೋಡೆ ನಡುವೆ ಸಿಕ್ಕಿಸಿಕೊಂಡು ಒಂದಕ್ಕೊಂದು ಅಂಟಿ ತೂತು ಮಾಡುತ್ತವೆ. ಫೆರೈಟ್ ಆದರೂ ಅವನ ಬಾಯಿಗೆ ಹೋಗದಷ್ಟು ದೊಡ್ಡದೇ ತನ್ನಿ.

ಮಲ್ಪೆ ಟೀಚರ್:
ಸಣ್ಣವನಿಗೆ ರಟ್ಟಿನ ಕೆಲಸ ಕೊಡಿ. ಕೊರಿಯರ್ ಡಬ್ಬದ ರಟ್ಟಿನ ಮೇಲಿನ ಕಾಗದ ಸುಲಿದರೆ ಒಳಗೆ ಅಲೆ ಅಲೆ ಇರುತ್ತದಲ್ಲ, ಅದಕ್ಕೆ ಕೆಂಪು ಮಣ್ಣಿನ ಬಣ್ಣ ಹಚ್ಚಿದರೆ ಹಂಚಿನ ಛಾವಣಿ! ಹಗುರ, ಪಟ್ಟಿ ಮ್ಯಾಗ್ನೆಟ್ಟೇ ಸಾಕು. ಬಂಗುಡೆಗೆ ಬೆನ್ನು ಹಸಿರು ನೀಲಿ, ಅದರ ಮೇಲೆ ಉದ್ದುದ್ದ ಕಪ್ಪು ಗೆರೆ. ಹೊಟ್ಟೆಗೆ ಚಾಕಲೇಟಿನ ಬೆಳ್ಳಿ ಕಾಗದ. ನಮ್ಮ ಎರಡನೇ ಕ್ಲಾಸಿನವರು ಮಾಡಿದ್ದು ನಿಜವಾದ ಮೀನಿನ ಹಾಗೇ ಹೊಳೆಯುತ್ತಿತ್ತು.

ಮತ್ತೊಂದು, ಅವರ ಮನೆಯ ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಹಿಡಿಯುತ್ತದಾ ಅಂತ ಮೊದಲೇ ಕೇಳಿ. ಕೆಲವು ಗಾಜಿನ ಬಾಗಿಲಿಗೂ ಕೆಲವು ಸ್ಟೀಲಿಗೂ ಹಿಡಿಯುವುದಿಲ್ಲ.

ಸಂತೆಕಟ್ಟೆ ಚಿಕ್ಕಮ್ಮ:
ತುಂಬಾ ಉಪಕಾರವಾಯಿತು. ಅಕ್ಕನಿಗೆ ಫೋನ್ ಮಾಡಿದೆ. ಮುಂದಿನ ಬಾಗಿಲು ಗಾಜಿನದ್ದೇ ಅಂತೆ! ಪಕ್ಕದ ತಗಡಿಗೆ ಹಿಡಿಯುತ್ತದೆ ಅಂದಳು, ಅದೇ ಸಣ್ಣವನ ಎತ್ತರಕ್ಕೂ ಸರಿ. ಹಳೆಯ ಹುಲಿಗೆ ಮೇಲೆ ಫೆರೈಟ್, ಕೆಳಗೆ ಟ್ಯೂಬಿನ ತುಂಡು ಹಾಕಿದ್ದೇನೆ. ನಾಲ್ಕು ದಿನವಾಯಿತು, ಬಾಗಿಲು ಎಷ್ಟು ಸಲ ಹಾಕಿ ತೆಗೆದರೂ ಅಲ್ಲೇ ಉಂಟು. ಇವತ್ತು ಹೊಸ ಕಿವಿ ಒಣಗಲಿಕ್ಕೆ ಇಟ್ಟಿದ್ದೇನೆ.