ಆರ್‌ಎಕ್ಸ್ 100: ರಬ್ಬರ್ ಕಚ್ಚಿ ಹಿಡಿದ ಕಾರ್ಬುರೇಟರ್ ಬಿಡಿಸಿದವರು ಅನುಭವ ತಿಳಿಸಿ

ಕೇಳಿದವರು, ಸಾಗರ:
ನಮ್ಮ ತಂದೆಯವರ 1994ರ ಯಮಹಾ ಆರ್‌ಎಕ್ಸ್ 100 ಹನ್ನೊಂದು ಮಳೆಗಾಲಗಳನ್ನು ಕೊಟ್ಟಿಗೆಯಲ್ಲೇ ಕಳೆದಿದೆ. ಎರಡೂ ಕ್ಲ್ಯಾಂಪ್‌ಗಳನ್ನು ಸಡಿಲಿಸಿದ್ದರೂ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಕೂದಲೆಳೆಯಷ್ಟೂ ಅಲುಗುತ್ತಿಲ್ಲ. ಅದನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಜಾಯಿಂಟ್ ಉಗುರು ಊರಿದರೂ ತಗ್ಗದಷ್ಟು ಗಟ್ಟಿಯಾಗಿದೆ. ಅದನ್ನು ಬಿಡಿಸಿ, ಮೆದುಮಾಡಿ ಮತ್ತೆ ಬಳಸಿದವರಿದ್ದರೆ ದಯವಿಟ್ಟು ತಿಳಿಸಿ.

ಹಾಸನದವರು:
ನನ್ನದು 1991ರ ಗಾಡಿ. ಉದ್ದನೆಯ ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟಿದವನು ನಾನು. ಕಾರ್ಬುರೇಟರಿನ ಎರಕ ಬಾಗುವುದಿಲ್ಲ, ನೇರವಾಗಿ ಮುರಿಯುತ್ತದೆ ಎಂಬುದು ಟಪ್ಪೆಂಬ ಸದ್ದು ಕೇಳಿದ ಮೇಲೆ ತಿಳಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು, ಅಸಲಿ ಮಿಕುನಿ ಕಂಪನಿಯ ಕಾರ್ಬುರೇಟರ್ ಎಂದು ಹೇಳಿ ಕೊಟ್ಟದ್ದಕ್ಕೆ 3,800 ರೂಪಾಯಿ ತೆತ್ತೆ. ಅದು ನಕಲಿ, ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಲೂ ಎಂಜಿನ್ ಆರದೆ ಓಡುವುದು) ಒಂದು ದಿನವೂ ಸರಿಯಾಗಿ ಬರಲಿಲ್ಲ, ಅಂಗಡಿಯವರು ಹಿಂದಕ್ಕೂ ಪಡೆಯಲಿಲ್ಲ. ಆಮೇಲೆ ಗುಜರಿಯಲ್ಲಿ ಹಳೆಯ ಅಸಲಿಯೊಂದು 2,200ಕ್ಕೆ ಸಿಕ್ಕಿತು. ಬಸ್ಸಿನ 460 ಸೇರಿದರೆ 6,460 ಆಯಿತು. ಹೊಸ ಜಾಯಿಂಟಿಗೆ ಆಗ ಕೇಳುತ್ತಿದ್ದದ್ದು 350 ಮಾತ್ರ! ರಬ್ಬರನ್ನು ಬ್ಲೇಡಿನಿಂದ ಕೊಯ್ದು ಬಿಸಾಡಿ.

ಮಡಿಕೇರಿಯವರು:
ಕೊಯ್ದು ಬಿಸಾಡಿ ಎನ್ನುವವರ ಬಳಿ ಬಿಡಿಭಾಗ ಬೀದಿಬೀದಿಯಲ್ಲಿ ಸಿಗುವ ಗಾಡಿ ಇರುತ್ತದೆ. ನನ್ನದು ರಾಜದೂತ್ 350. ಎಸ್ಕಾರ್ಟ್ಸ್ ಕಂಪನಿ ಅದನ್ನು 1983ರಿಂದ 1989ರವರೆಗೆ ಮಾತ್ರ ತಯಾರಿಸಿತು. ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. ಹಾಗಾಗಿ ತೊಂದರೆಯೂ ಎರಡರಷ್ಟು. ಜಾಯಿಂಟನ್ನು ಸಿಲಿಂಡರಿಗೆ ಹಿಡಿದಿರುವ ಬೋಲ್ಟುಗಳನ್ನೇ ಬಿಚ್ಚಿ, ಕಾರ್ಬುರೇಟರಿನ ಸಮೇತ ಹೊರತೆಗೆದು, ಪೆಟ್ರೋಲ್ ಪೂರ್ತಿ ಬಸಿದು, ಕುದಿನೀರಿನಲ್ಲಿ ಅದ್ದಿ ಹಿಂದೆಮುಂದೆ ತಿರುಚುತ್ತಾ ಬಿಡಿಸಿದೆ. ಬಳಿಕ ಊಟಿಯಿಂದ ತಂದ ವಿಂಟರ್‌ಗ್ರೀನ್ ಎಣ್ಣೆ ಒಂದು ಪಾಲಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮೂರು ಪಾಲು ಬೆರೆಸಿ, ಬಾಟಲಿಯ ಬಾಯಿ ಬಿಗಿದು, ರಬ್ಬರುಗಳನ್ನು ಐದು ದಿನ ನೆನೆಹಾಕಿದೆ. ನೋವಿನ ಮುಲಾಮಿನ ವಾಸನೆ ವಾರವಿಡೀ ಹೋಗಲಿಲ್ಲ, ಹೆಂಡತಿ ಬಾಟಲಿಯನ್ನು ಮನೆಯಿಂದ ಹೊರಗೆ ಹಾಕಿಸಿದರು. ಆದರೆ ರಬ್ಬರ್ ಬೆರಳಿಗೆ ಬಗ್ಗುವಂತಾಯಿತು. ನಾಲ್ಕು ವರ್ಷವಾಗಿದೆ, ಅವೇ ಓಡುತ್ತಿವೆ.

ದಾವಣಗೆರೆಯವರು:
ಇಂಥ ಮಾತನ್ನು ನಂಬಿಯೇ ನಾನು ಕೆಟ್ಟೆ. ಎಣ್ಣೆಯನ್ನು ಹೀರಿ ರಬ್ಬರ್ ಉಬ್ಬುತ್ತದೆ, ಅದರಿಂದ ಮೆತ್ತಗಾಗುತ್ತದೆ. ಬಿರುಕು ಮಾತ್ರ ಕೂಡುವುದಿಲ್ಲ, ಉಬ್ಬಿದ ರಬ್ಬರಿನಲ್ಲಿ ಕಣ್ಣಿಗೆ ಕಾಣದಂತೆ ಮರೆಯಾಗುತ್ತದೆ, ಅಷ್ಟೆ. ಎರಡು ತಿಂಗಳಲ್ಲಿ ಎಣ್ಣೆ ಆರಿತು, ಬಿರುಕು ಬಾಯಿಬಿಟ್ಟಿತು, ಅಲ್ಲಿಂದ ಗಾಳಿ ಎಳೆದು ಪೆಟ್ರೋಲಿನ ಪಾಲು ಕಡಿಮೆಯಾಯಿತು. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗುತ್ತದೆ ಎಂಬುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹರಿಹರದ ದಾರಿಯಲ್ಲಿ ಆಯಿಲ್ ಸಾಲದೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಂದಿನ ಚಕ್ರ ನಿಂತುಬಿಟ್ಟಿತು. ಸಿಲಿಂಡರ್ ಕೊರೆಸಿದ ಬೋರಿಂಗಿಗೆ 600 ರೂಪಾಯಿ, 50.50 ಮಿಲಿಮೀಟರಿನ ಪಿಸ್ಟನ್ ಮತ್ತು ರಿಂಗ್ 1,450, ಗ್ಯಾಸ್ಕೆಟ್ 180, ಕೂಲಿ 900, ಮೊಣಕೈಗೆ ಏಳು ಹೊಲಿಗೆ. ಹೊಸ ರಬ್ಬರನ್ನೇ ಹಾಕಿಸಿ.

ಮಡಿಕೇರಿಯವರು:
ಬಿರುಕಿದ್ದ ರಬ್ಬರನ್ನು ನೆನೆಹಾಕಿ ಎಂದು ನಾನು ಎಲ್ಲಿ ಬರೆದೆ? ಮೊದಲು ಮಡಚಿ, ಬೆಳಕಿಗೆ ಹಿಡಿದು ನೋಡಬೇಕು. ಜೋಡಿಸಿದ ಮೇಲೆ, ಎಂಜಿನ್ ಬಿಸಿಯಾಗುವ ಮೊದಲು, ಐಡ್ಲಿಂಗಿನಲ್ಲಿ ಜಾಯಿಂಟಿನ ಸುತ್ತ ಡಬ್ಲ್ಯುಡಿ-40 ಎಂಬ ಎಣ್ಣೆಯ ಸ್ಪ್ರೇ ಸಿಂಪಡಿಸಿ ಸದ್ದು ಬದಲಾಗುತ್ತದೆಯೇ ಎಂದು ಕಿವಿಗೊಡಬೇಕು; ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ ಎಂದರ್ಥ. ಇಷ್ಟನ್ನೂ ಮಾಡದೆ ಹೆದ್ದಾರಿಗೆ ಇಳಿದು ಎಣ್ಣೆಯನ್ನು ದೂರಿದರೆ ಹೇಗೆ?

ಹಾಸನದವರು:
ನೀವಿಬ್ಬರೂ ಮೂಲ ಕಾರಣವನ್ನೇ ಬಿಟ್ಟಿದ್ದೀರಿ. ಈಗಿನ ಇ20 ಪೆಟ್ರೋಲಿನಲ್ಲಿ ಬೆರೆಸುವ ಶೇಕಡ 20ರಷ್ಟು ಎಥೆನಾಲ್ ಹಳೆಯ ರಬ್ಬರುಗಳನ್ನೆಲ್ಲ ತಿಂದುಹಾಕುತ್ತಿದೆ.

ದಾವಣಗೆರೆಯವರು:
ಸ್ವಾಮಿ, ಇ20 ಬಂದದ್ದು 2023ರಲ್ಲಿ. ಕೇಳಿದವರ ಗಾಡಿ ಹನ್ನೊಂದು ವರ್ಷದಿಂದ ಪೆಟ್ರೋಲ್ ಬಂಕಿನ ಮುಖವನ್ನೇ ನೋಡಿಲ್ಲ. ಎಂಜಿನ್ನಿನ ಕಾವಿಗೂ ವಯಸ್ಸಿಗೂ ರಬ್ಬರ್ ತಾನಾಗಿ ಗಟ್ಟಿಯಾಗುತ್ತದೆ. ಸ್ಕ್ರೂಡ್ರೈವರಿನಲ್ಲಿ ಮೀಟಿದ್ದಕ್ಕೂ ಎಥೆನಾಲೇ ಕಾರಣವೇ?

ಹಾಸನದವರು:
ಮೊಣಕೈಗೆ ಹೊಲಿಗೆ ಹಾಕಿಸಿಕೊಂಡವರಿಂದ ನಾನು ಪಾಠ ಕಲಿಯಬೇಕಾಗಿಲ್ಲ.

ಕೇಳಿದವರು, ಸಾಗರ:
ಮಡಿಕೇರಿಯವರು ಹೇಳಿದಂತೆ ಬೋಲ್ಟುಗಳನ್ನು ಬಿಚ್ಚಿ ಎರಡನ್ನೂ ಒಟ್ಟಿಗೆ ಹೊರತೆಗೆದೆ. ಮೂರನೆಯ ಸಲದ ಬಿಸಿನೀರಿಗೆ ಕಾರ್ಬುರೇಟರ್ ಕಳಚಿಕೊಂಡಿತು. ಅದರ ಬಾಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡಿತ್ತು. ರಬ್ಬರಿನ ಒಳಮೈಯಲ್ಲಿ ಅರ್ಧ ಸುತ್ತು ಬಿರುಕಿದೆ, ಆದ್ದರಿಂದ ಹೊಸದನ್ನು ತರಿಸುತ್ತಿದ್ದೇನೆ. ಆದರೆ ಬಿಚ್ಚುವಾಗ ಒಂದು ಬೋಲ್ಟ್ ತುಂಡಾಗಿ, ಅದರ ಅರ್ಧ ಸಿಲಿಂಡರಿನಲ್ಲೇ ಉಳಿದಿದೆ. ಅದನ್ನು ಸಿಲಿಂಡರ್ ಬಿಚ್ಚದೆಯೇ ತೆಗೆಸಿದವರು ಯಾರಾದರೂ ಇದ್ದೀರಾ?