‘ಯಹೂದಿ’ ಎಂದರೆ ಧರ್ಮವೋ ಜನವೋ? ಜೊತೆಗೆ ಇನ್ನೆರಡು ಪದಗಳು

ಎಲ್ಲರಿಗೂ ನಮಸ್ಕಾರ.

ಮುಂಬಯಿಯ ಬೇನೆ ಇಸ್ರೇಲ್ ಎಂಬ ಯಹೂದಿ ಸಮುದಾಯದ ಬಗ್ಗೆ ಇರುವ ಒಂದು ಮರಾಠಿ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಬ್ಬ ಅಜ್ಜನ ಮಾತು ಬರುತ್ತದೆ. ತನಗೆ ದೇವರಲ್ಲಿ ನಂಬಿಕೆ ಇಲ್ಲ, ಪ್ರಾರ್ಥನೆಗೂ ಹೋಗುವುದಿಲ್ಲ, ಆದರೂ ತಾನು ಯಹೂದಿಯೇ ಎನ್ನುತ್ತಾರೆ ಅವರು. ನಾನು ಹಾಗೇ ಬರೆದು ಕಳಿಸಿದೆ. ಕರಡು ತಿದ್ದಿದವರು ‘ಯಹೂದಿ’ ಇದ್ದಲ್ಲೆಲ್ಲ ‘ಯಹೂದಿ ಧರ್ಮೀಯ’ ಎಂದು ಮಾಡಿದ್ದಾರೆ. ಈಗ ಅಜ್ಜ, ‘ನನಗೆ ದೇವರಲ್ಲಿ ನಂಬಿಕೆ ಇಲ್ಲ, ಆದರೂ ನಾನು ಯಹೂದಿ ಧರ್ಮೀಯ’ ಎಂದ ಹಾಗಾಗಿದೆ. ಮಾತಿನ ಅರ್ಥವೇ ಹೋಯಿತು, ಅಲ್ವಾ?

ತಿದ್ದಿದವರ ವಾದ ಇಷ್ಟು: ಹಿಂದೂ, ಮುಸ್ಲಿಂ, ಕ್ರೈಸ್ತ ಇದ್ದ ಹಾಗೆ ಯಹೂದಿ ಕೂಡ ಒಂದು ಧರ್ಮದ ಹೆಸರು. ನನಗೆ ಇದು ಅರ್ಧ ಮಾತ್ರ ಸರಿ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ.

ಬೈಬಲ್ಲಿನ ಪ್ರಕಾರ ಯಾಕೋಬನಿಗೆ ಹೆಂಡತಿ ಲೇಯಳಲ್ಲಿ ಹುಟ್ಟಿದ ನಾಲ್ಕನೆಯ ಮಗ ಯೆಹೂದ. ಅವನಿಂದ ಒಂದು ಕುಲಕ್ಕೆ ಆ ಹೆಸರು ಬಂತು. ಮುಂದೆ ಜೆರುಸಲೇಮ್ ರಾಜಧಾನಿಯಾಗಿದ್ದ ದಕ್ಷಿಣದ ರಾಜ್ಯಕ್ಕೂ ಅದೇ ಹೆಸರಾಯಿತು. ಕ್ರಿಸ್ತಪೂರ್ವ 586ರ ಹೊತ್ತಿಗೆ ಬಾಬಿಲೋನಿನವರು ಆ ಊರನ್ನೂ ದೇವಾಲಯವನ್ನೂ ಹಾಳು ಮಾಡಿ ಜನರನ್ನು ಹಿಡಿದೊಯ್ದರು. ರಾಜ್ಯ ಹೋಯಿತು, ಹೆಸರು ಜನರ ಜೊತೆ ಉಳಿಯಿತು. ಬೈಬಲ್ಲಿನ ಎಸ್ತೇರಳ ಪುಸ್ತಕದಲ್ಲಿ ಇದಕ್ಕೆ ಚೆಂದದ ಸಾಕ್ಷಿ ಇದೆ. ಅದರಲ್ಲಿ ಬರುವ ಮೊರ್ದೆಕೈ ಹುಟ್ಟಿದ್ದು ಬೆನ್ಯಾಮೀನ್ ಕುಲದಲ್ಲಿ. ಯೆಹೂದ ಕುಲದವನಲ್ಲ. ಆದರೂ ಅವನನ್ನು ‘ಈಶ್ ಯೆಹೂದಿ’, ಅಂದರೆ ಯಹೂದಿ ಮನುಷ್ಯ, ಎಂದೇ ಕರೆದಿದೆ. ಆ ಪುಸ್ತಕದ ಹೊತ್ತಿಗೇ ಪದ ಒಂದು ಕುಲವನ್ನು ದಾಟಿ ಒಂದು ಜನದ ಹೆಸರಾಗಿತ್ತು.

ಅದೇ ಪುಸ್ತಕದಲ್ಲಿ ‘ದಾತ್’ ಎಂಬ ಪದವೂ ಬರುತ್ತದೆ. ಇವತ್ತಿನ ಹೀಬ್ರೂವಿನಲ್ಲಿ ಧರ್ಮ ಎನ್ನುವುದಕ್ಕೆ ಇದೇ ಪದ. ಆದರೆ ಇದು ಪರ್ಷಿಯನ್ನಿನಿಂದ ಬಂದದ್ದು. ಎಸ್ತೇರಳ ಕತೆಯಲ್ಲಿ ಇದರ ಅರ್ಥ ರಾಜನ ಕಟ್ಟಳೆ, ಕಾನೂನು. ನಾವು ‘ಧರ್ಮ’ ಎಂದಾಗ ಮನಸ್ಸಿಗೆ ಬರುವ ಅರ್ಥ ಅಲ್ಲಿಲ್ಲ. ದೇವರು, ಊಟ, ಹಬ್ಬ, ನೆಲ, ನೆಂಟಸ್ತಿಕೆ ಎಲ್ಲ ಒಂದೇ ಬದುಕಿನ ಭಾಗವಾಗಿದ್ದಾಗ, ಅದರಲ್ಲಿ ಒಂದನ್ನು ಮಾತ್ರ ಬಿಡಿಸಿ ಹೆಸರಿಡುವ ಅಗತ್ಯ ಬೀಳಲಿಲ್ಲ ಅಂತ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಾಗುವುದು ಬೈಬಲ್ಲಿನ ರೂತಳ ಮಾತು. ಅವಳು ಮೋವಾಬಿನವಳು, ಹೊರಗಿನವಳು. ಗಂಡ ಸತ್ತ ಮೇಲೆ ಅತ್ತೆ ನವೊಮಿಯ ಜೊತೆ ಹೊರಟು ನಿಂತಾಗ ಹೀಗೆ ಹೇಳುತ್ತಾಳೆ: ‘ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು.’ ಅವಳ ಬಾಯಲ್ಲಿ ಜನ ಮೊದಲು ಬಂತು, ದೇವರು ಆಮೇಲೆ. ಹೊರಗಿನಿಂದ ಬಂದವರೂ ಸೇರಬಹುದು, ಆದರೆ ಸೇರುವುದು ಒಂದು ನಂಬಿಕೆಗೆ ಮಾತ್ರ ಅಲ್ಲ, ಒಂದು ಜನಕ್ಕೆ. ಯಹೂದಿ ಶಾಸ್ತ್ರದ ಪ್ರಕಾರವೂ ತಾಯಿ ಯಹೂದಿಯಾಗಿದ್ದರೆ ಮಗು ಯಹೂದಿ, ಇಲ್ಲವೇ ವಿಧಿಪ್ರಕಾರ ಸೇರಿದವರು ಯಹೂದಿ. ಹುಟ್ಟಿದವರು ನಂಬಿಕೆ ಬಿಟ್ಟರೂ ಅವರ ಯಹೂದಿತನ ಹೋಗುವುದಿಲ್ಲ. ನಮ್ಮ ಅಜ್ಜ ಹೇಳಿದ್ದೂ ಇದನ್ನೇ.

ಹಾಗಂತ ನಂಬಿಕೆಗೂ ಇದಕ್ಕೂ ಸಂಬಂಧವೇ ಇಲ್ಲ ಎಂದೂ ಹೇಳುವ ಹಾಗಿಲ್ಲ. ಪೋಲೆಂಡಿನ ಯಹೂದಿ ಮನೆಯಲ್ಲಿ ಹುಟ್ಟಿದ ಓಸ್ವಾಲ್ಡ್ ರೂಫೈಸೆನ್ ಆಮೇಲೆ ಕ್ರೈಸ್ತ ಸನ್ಯಾಸಿಯಾದರು. ಯಹೂದಿಗಳಿಗೆ ಇಸ್ರೇಲಿನಲ್ಲಿ ನೆಲೆಸುವ ಹಕ್ಕು ಕೊಡುವ 1950ರ ಕಾನೂನಿನಡಿ ತನಗೂ ಆ ಹಕ್ಕು ಬೇಕು ಎಂದು ಕೋರ್ಟಿಗೆ ಹೋದರು. 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ಬೇರೆ ಧರ್ಮವನ್ನು ಒಪ್ಪಿಕೊಂಡವರನ್ನು ಜನಸಾಮಾನ್ಯರು ಯಹೂದಿ ಎನ್ನುವುದಿಲ್ಲ ಎಂಬುದು ಅದರ ತರ್ಕ. ಕೋರ್ಟು ಕೂಡ ಒಂದು ಪದದ ಅರ್ಥ ಹುಡುಕಲು ಜನ ಅದನ್ನು ಹೇಗೆ ಬಳಸುತ್ತಾರೆ ಎಂದು ನೋಡಿತು. ನಮ್ಮಂಥ ಪದಪ್ರಿಯರು ನೆನಪಿಡಬೇಕಾದ ತೀರ್ಪು ಇದು.

ಸರಿ, ಹಾಗಾದರೆ ‘ಯಹೂದಿ ಜನಾಂಗ’ ಎನ್ನೋಣವೇ? ಪತ್ರಿಕೆಗಳಲ್ಲಿ ಹೀಗೆ ಬರುವುದುಂಟು. ನನಗೆ ಇದು ಬೇಡ. ‘ಜನಾಂಗ’ ಈಗ ರಕ್ತ, ಮೈಬಣ್ಣಗಳ ಅರ್ಥದ ಕಡೆಗೆ ಹೊರಳಿದೆ. ಜನಾಂಗಭೇದ, ಜನಾಂಗೀಯ ದ್ವೇಷ ಎಂದು ಬರೆಯುತ್ತೇವಲ್ಲ, ಆ ಅರ್ಥ. ನಾಜಿ ಜರ್ಮನಿಯ 1935ರ ನ್ಯೂರೆಂಬರ್ಗ್ ಕಾನೂನುಗಳು ಇದೇ ಅಳತೆ ಹಿಡಿದವು. ಅಜ್ಜ ಅಜ್ಜಿಯರು ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ ನೀನು ಯಹೂದಿ, ಚರ್ಚಿಗೆ ಹೋಗುತ್ತಿದ್ದರೂ ಸರಿ, ಎಂದವು. ಕೊಂದವರು ಬಳಸಿದ ಅಳತೆ ಗೊತ್ತಿಲ್ಲದೆಯೂ ನಮ್ಮ ಬರಹದಲ್ಲಿ ಉಳಿಯಬಾರದು.

ಸುಮ್ನೆ ‘ಯಹೂದಿ ಜನ’ ಎಂದರೆ ಸಾಕು ಎಂದು ನನ್ನ ಅನಿಸಿಕೆ. ‘ಕೊಡವ ಜನ’ ಎನ್ನುವಾಗ ಅದರಲ್ಲಿ ಮನೆತನ, ನೆಲ, ಹಬ್ಬ, ಅಡುಗೆ, ಹಿರಿಯರ ನೆನಪು ಎಲ್ಲವೂ ಬರುತ್ತದೆ. ಯಾರೂ ‘ಇದು ಧರ್ಮವೋ ಅಲ್ಲವೋ’ ಎಂದು ಕೇಳುವುದಿಲ್ಲ. ನಂಬಿಕೆ, ಆಚರಣೆಗಳ ಬಗ್ಗೆ ಹೇಳುವಾಗ ಮಾತ್ರ ‘ಯಹೂದಿ ಧರ್ಮ’ ಎನ್ನಬಹುದು. ಕನ್ನಡ ಬೈಬಲ್ಲಿನ ‘ಯೆಹೂದ್ಯ’ವೂ ಇದೇ ಪದ, ತಪ್ಪಲ್ಲ, ಆದರೆ ಪತ್ರಿಕೆ ಓದುವವರಿಗೆ ‘ಯಹೂದಿ’ ಹೆಚ್ಚು ಪರಿಚಿತ. ‘ಇಸ್ರಾಯೇಲ್ಯ’ ಬೈಬಲ್ ಕಾಲದವರಿಗೆ ಇರಲಿ. ‘ಇಸ್ರೇಲಿ’ ಈಗಿನ ದೇಶದ ಪ್ರಜೆ. ಅವರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಅರಬರು ಇದ್ದಾರೆ, ಹಾಗಾಗಿ ಇವೆರಡನ್ನೂ ಯಹೂದಿ ಪದದ ಬದಲಿಗೆ ಬಳಸಿದರೆ ಗೊಂದಲವಾಗುತ್ತದೆ.

ಇನ್ನು ನಿಮ್ಮ ಸಹಾಯ ಬೇಕಾದ ಎರಡು ಪದಗಳು.

ಒಂದು, ಸಿನಗಾಗ್, ಅಂದರೆ ಯಹೂದಿಗಳು ಪ್ರಾರ್ಥನೆಗೆ ಸೇರುವ ಜಾಗ. ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ‘ಸಭಾಮಂದಿರ’ ಎಂದಿದೆ. ಒಳ್ಳೆಯ ಪದ. ಹೀಬ್ರೂವಿನ ‘ಬೇತ್ ಕ್ನೆಸೆತ್’ ಎಂದರೂ ಸಭೆ ಸೇರುವ ಮನೆಯೇ. ಆದರೆ ಬೇನೆ ಇಸ್ರೇಲಿಗರು ಮನೆಮಾತಿನಲ್ಲಿ ಅದನ್ನು ‘ಮಶೀದ್’ ಎನ್ನುತ್ತಿದ್ದರು. ಮುಂಬಯಿಯ ಅವರ ಮೊದಲ ಸಿನಗಾಗನ್ನು 1796ರಲ್ಲಿ ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್ ಕಟ್ಟಿಸಿದರು. ಕಂಪನಿ ಸೈನ್ಯದಲ್ಲಿದ್ದ ಅವರು ಟಿಪ್ಪುವಿನ ಸೆರೆಯಲ್ಲಿದ್ದು, ಬದುಕಿ ಬಂದ ಹರಕೆಗೆ ಅದನ್ನು ಕಟ್ಟಿಸಿದರು ಎಂದು ಆ ಸಮುದಾಯದವರು ಹೇಳಿಕೊಂಡು ಬಂದಿದ್ದಾರೆ. ಮೈಸೂರು ಸೀಮೆಗೆ ತಾಗಿದ ಕತೆ ಅಂತ ನನಗೆ ಅದರ ಮೇಲೆ ವಿಶೇಷ ಪ್ರೀತಿ. ಹತ್ತಿರದ ‘ಮಸ್ಜಿದ್’ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದೂ ಈ ಸಿನಗಾಗಿನಿಂದಲೇ ಎನ್ನುತ್ತಾರೆ. ಕೊಚ್ಚಿಯಲ್ಲೂ ಇಂಥದ್ದೇ: ಚರ್ಚು, ಮಸೀದಿ, ಸಿನಗಾಗ್ ಮೂರಕ್ಕೂ ಮಲಯಾಳದಲ್ಲಿ ‘ಪಳ್ಳಿ’. ಲೇಖನದಲ್ಲಿ ಅಜ್ಜ ‘ಮಶೀದ್’ ಎಂದಾಗ ನಾನು ‘ಸಭಾಮಂದಿರ’ ಎಂದು ಬರೆದರೆ ಅವರ ನಾಲಿಗೆಯ ರುಚಿ ಹೋಗುತ್ತದೆ. ‘ಮಸೀದಿ’ ಎಂದರೆ ಓದುಗರು ದಾರಿ ತಪ್ಪುತ್ತಾರೆ. ‘ನಮ್ಮ ಮಶೀದು’ ಎಂದು ಉಳಿಸಿ ಮೊದಲ ಸಲ ಮಾತ್ರ ವಿವರಿಸೋಣವೇ?

ಎರಡು, ‘ಶನಿವಾರ ತೇಲಿ’. ತೇಲಿ ಎಂದರೆ ಗಾಣಿಗ. ಕೊಂಕಣದ ಹಳ್ಳಿಗಳಲ್ಲಿ ಬೇನೆ ಇಸ್ರೇಲಿಗರ ಕಸುಬು ಎಣ್ಣೆ ತೆಗೆಯುವುದಾಗಿತ್ತು. ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ, ಅಂತ ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ನೆರೆಯವರು ಕೊಟ್ಟ ಹೆಸರು ಅದು. ಒಂದು ಇಡೀ ಜನದ ಗುರುತು ವಾರದ ಒಂದು ದಿನ ಸುಮ್ಮನಿದ್ದ ಗಾಣದಿಂದ ಹುಟ್ಟಿತು ಎನ್ನುವುದು ನನ್ನನ್ನು ಬಹಳ ತಟ್ಟಿದೆ. ‘ಶನಿವಾರದ ಗಾಣಿಗರು’ ಎಂದು ಬರೆದಿದ್ದೇನೆ. ಆದರೆ ಅದನ್ನು ಓದಿದರೆ ಶನಿವಾರ ಮಾತ್ರ ಗಾಣ ಆಡಿಸುವವರು ಅನಿಸುತ್ತದೆ. ಅರ್ಥ ಪೂರಾ ತಿರುಗುಮುರುಗು. ‘ಶನಿವಾರ ಬಿಡುವಿನ ಗಾಣಿಗರು’ ಎಂದರೆ ಉದ್ದ, ಕೂಗಿ ಕರೆಯುವ ಹೆಸರಿನಂತಿಲ್ಲ.

ಕಾರವಾರ, ಬೆಳಗಾವಿ ಕಡೆಯವರು ಇದ್ದರೆ ದಯವಿಟ್ಟು ಹೇಳಿ. ವಾರದ ಇಂತಿಂಥ ದಿನ ಕೆಲಸ ಮುಟ್ಟದವರನ್ನು ನಿಮ್ಮ ಕಡೆ ಏನೆಂದು ಕರೆಯುತ್ತಾರೆ? ‘ಸೋಮವಾರ ಎತ್ತು ಹೂಡದವರು’ ಎನ್ನುವ ಥರದ ಬಳಕೆ ಯಾವುದಾದರೂ ಇದೆಯೇ? ಅಂಥ ಒಂದು ಮಾತು ಸಿಕ್ಕಿದರೆ ಅದರ ಅಚ್ಚಿನಲ್ಲೇ ಈ ಹೆಸರನ್ನು ಕನ್ನಡಕ್ಕೆ ತರುತ್ತೇನೆ.